ಅಣ್ಣನ ಹೆಸರು ಎರಡು ಸಲ

ತಮ್ಮನ ಮಾತನ್ನು ನಾನು ನಂಬಲಿಲ್ಲ. ನಂಬುವುದಿರಲಿ, ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಗೊರಗುಂಟೆಪಾಳ್ಯದಲ್ಲಿ ನಮ್ಮದು ಲಗ್ನಪತ್ರಿಕೆ ಮಾಡಿಕೊಡುವ ಸಣ್ಣ ಅಂಗಡಿ. ನಾನು ಓದಿದ್ದು ಏಳನೇ ಕ್ಲಾಸು, ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದೆ. ಕಂಪ್ಯೂಟರ್ ಮುಂದೆ ತಮ್ಮ. ಬೈಕಿನಿಂದ ಬಿದ್ದಾಗಿನಿಂದ ಅವನ ಬಲಗೈ ಸ್ವಲ್ಪ ನಡುಗುತ್ತಿತ್ತು. ನಾಗಸಂದ್ರಕ್ಕೆ ಮೆಟ್ರೊ ಬಂದ ವರ್ಷ, ಮೌಸನ್ನು ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತೆ ಆಗತೊಡಗಿತು.

"ಮೌಸ್ ಕೆಟ್ಟಿದೆ ಕಣಕ್ಕಾ."

"ಕೆಟ್ಟಿರೋದು ಮೌಸಲ್ಲ, ನಿನ್ ಕೈ."

ಹೊಸದು ಕೊಡಿಸಲಿಲ್ಲ. ಅದಕ್ಕೊಂದು ಪುಟ್ಟ ಸಾಫ್ಟ್‌ವೇರ್ ಸಿಗುತ್ತದೆ, ಹಾಕಿ ನೋಡುತ್ತೇನೆ ಎಂದ. ಇದ್ದಬದ್ದ ಪತ್ರಿಕೆಗಳೆಲ್ಲ ಅಳಿಸಿಹೋದಾವೆಂದು ಹೆದರಿ ಅದಕ್ಕೂ ಬೈದೆ.

ಒಂದು ದಿನ ಮಾಕಳಿಯಿಂದ ಮದುವೆ ಗಂಡಿನ ಸೋದರಮಾವ ಬಂದು, ಅಚ್ಚಾದ ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಎಸೆದರು. ಸುಖಾಗಮನ ಬಯಸುವವರ ಸಾಲಿನಲ್ಲಿ ಅವರ ಅಣ್ಣನ ಹೆಸರು ಎರಡು ಸಲ ಬಿದ್ದಿತ್ತು.

"ಏನಮ್ಮಾ, ನಮ್ಮಣ್ಣಂದು ಎಲ್ಡ್ ಕಿತ, ನನ್ದು ಒಂದೇ ಕಿತಾನಾ? ನಾನೇನ್ ಅರ್ಧ ಮಾವನಾ? ಇಂಗಾದ್ರೆ ಊರಲ್ಲಿ ಎಂಗ್ ತಲೆ ಎತ್ಲಿ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

"ಹೆಸರು ಪೇಸ್ಟ್ ಮಾಡೋವಾಗ ನಾನು ಮೌಸ್ ಒತ್ತಿದ್ದು ಒಂದೇ ಸಲ ಅಕ್ಕಾ," ಎಂದ ತಮ್ಮ.

"ನಡುಗೋ ಕೈ ಇಟ್ಕೊಂಡು ಯಾಕೋ ಅಲ್ಲಿ ಕೂರ್ತೀಯಾ? ಏಳೋ ಮೇಲೆ!"

ಎದ್ದ. ಮೂಲೆಯಲ್ಲಿ ಕವರಿಗೆ ಪತ್ರಿಕೆ ತುಂಬಲು ಕೂತ. ನಾನೇ ತಿದ್ದುತ್ತೇನೆಂದು ಅಹಂಕಾರದಿಂದ ಕುರ್ಚಿಯಲ್ಲಿ ಕೂತೆ. ಅವನು ಅಲ್ಲಿಂದಲೇ ಹೇಳಿಕೊಟ್ಟಂತೆ ಎರಡು ಸಲ ಬಿದ್ದಿದ್ದ ಹೆಸರನ್ನು ಅಳಿಸಿ, ಮತ್ತೆ ಪೇಸ್ಟ್ ಮಾಡಲು ಒಂದೇ ಸಲ ಒತ್ತಿದೆ. ಅಣ್ಣನ ಹೆಸರು ಎರಡು ಸಲ ಬಂತು.

"ನಿನ್ ಕೈನೂ ನಡುಗ್ತದಾ ತಾಯಿ?" ಎಂದರು ಸೋದರಮಾವ.

ಮೌಸನ್ನು ಗೋಡೆಗೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ, "ಹಾಕೋ ಅದೇನೋ ಸಾಫ್ಟ್‌ವೇರು," ಎಂದೆ. ಅವನು ಕೂರಲಿಲ್ಲ, ಬಗ್ಗಿ ನಿಂತೇ ಹಾಕಿದ. "ಮನುಷ್ಯರು ಎರಡು ಸಲ ಒತ್ತೋಕೆ ಒಂಚೂರು ಹೊತ್ತು ಬೇಕು. ಅದಕ್ಕಿಂತ ಬೇಗ ಬಂದ ಎರಡನೇದನ್ನ ಇದು ಲೆಕ್ಕಕ್ಕೆ ತಗೊಳ್ಳಲ್ಲ," ಎಂದ. ಒತ್ತಿದೆ. ಹೆಸರು ಒಂದೇ ಬಂತು. ಅವನು ಮತ್ತೆ ಕವರುಗಳ ಹತ್ತಿರ ಹೋದ.

ಮರುದಿನವೂ ತಮ್ಮ ಬಂದವನೇ ನೇರ ಮೂಲೆಗೆ ಹೋಗಿ ಕೂತ. ಅಂಗಡಿ ತುಂಬ ಜನ. ಒಳಗೆ ಕರೆದು ಮೆಲ್ಲಗೆ ಹೇಳೋಣ ಅಂದುಕೊಂಡೆ. ಥೂ ನನ್ನ ಜನ್ಮಕ್ಕೆ, ಬೈಯುವಾಗ ಇಲ್ಲದ ನಾಚಿಕೆ ಈಗ ಎಲ್ಲಿಂದ ಬಂತು?

ಎಲ್ಲರಿಗೂ ಕೇಳುವಂತೆಯೇ ಹೇಳಿದೆ: "ತಪ್ಪಾಯ್ತು ಕಣೋ. ನಿನ್ ಕೈನ ಬೈದಿದ್ದು ನಂದೇ ತಪ್ಪು. ಬಾ, ನಿನ್ ಜಾಗದಲ್ಲಿ ಕೂತ್ಕೋ."