ಬೇಯಿಸದ ಅನಾನಸು

ಈ ತಿಂಡಿ ಮಾಡುವುದು ಬಹಳ ಸುಲಭ. ಗಟ್ಟಿ ಮೊಸರು, ಒಂದು ತುಂಡು ತೆಳು ಬಟ್ಟೆ, ಒಂದು ಅನಾನಸು, ಎರಡು ಅಚ್ಚು ಬೆಲ್ಲ ಇದ್ದರೆ ಮುಗಿಯಿತು. ಇಷ್ಟು ಸಣ್ಣ ಸಂಗತಿಯನ್ನು ನಾನು ನನ್ನ ಅತ್ತೆಗೆ, ಅಂದರೆ ಸೋದರಮಾವನ ಹೆಂಡತಿಗೆ, ಅವಳು ಸಾಯುವ ತನಕ ಸರಿಯಾಗಿ ಹೇಳಿಕೊಡಲಿಲ್ಲ. ಅವಳು ಒಂದಲ್ಲ, ಹತ್ತು ಸಲ ಕೇಳಿದ್ದಳು. ಹೇಳಲಿಲ್ಲ, ಏನೀಗ?

ಅಮ್ಮ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಆಮೇಲೆ ಬೆಳೆದದ್ದು ಮಡಂತ್ಯಾರಿನ ಹತ್ತಿರದ ಮಾವನ ಮನೆಯಲ್ಲಿ. ನಮ್ಮವರಲ್ಲಿ ಮನೆ ಹೆಣ್ಣಿನ ಸಂತಾನಕ್ಕೆ ಸೇರಿದ್ದು. ಹಾಗೆ ನೋಡಿದರೆ ಅದು ನನ್ನ ಅಮ್ಮನ ಮನೆ, ನನ್ನ ಮನೆ; ಅತ್ತೆಯೇ ಹೊರಗಿನಿಂದ ಬಂದು ಸೇರಿದವಳು. ಆದರೆ ಸೌಟು ಇದ್ದದ್ದು ಅವಳ ಕೈಯಲ್ಲಿ. ನನಗೆ ಹದಿಮೂರಾಗುತ್ತಲೇ ಶಾಲೆ ಬಿಡಿಸಿ ಒಲೆಯ ಮುಂದೆ ಕೂರಿಸಿದಳು. ಅವಳಿಗೆ ಒಬ್ಬಳೇ ಮಗಳು, ನನಗಿಂತ ಎರಡು ವರ್ಷ ಸಣ್ಣವಳು. ಅವಳು ಶಾಲೆಗೆ ಹೋಗುತ್ತಿದ್ದಳು, ನಾನು ಅವಳ ಬುತ್ತಿ ಕಟ್ಟುತ್ತಿದ್ದೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಸಂಜೆ ಬರುವಾಗ ಲಂಗದ ಅಂಚಿನಲ್ಲಿ ಪೆಪ್ಪರಮಿಂಟು ಕಟ್ಟಿಕೊಂಡು ಬಂದು ನನ್ನ ಬಾಯಿಗೆ ಹಾಕುತ್ತಿದ್ದಳು, ಪಾಪದ್ದು.

ಮನೆಯ ಕೆಳಗೆ ಹರಿಯುವ ತೋಡಿನ ಆಚೆ ಒಂದು ಕ್ರಿಶ್ಚಿಯನ್ ಮನೆ ಇತ್ತು. ಆ ಮನೆಯ ಬಾಯಮ್ಮ ಹಿಂದೆ ಮಂಗಳೂರಿನಲ್ಲಿ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಗೆ ಇದ್ದವಳು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದಿಡೀ ದಿನ ತೂಗುಹಾಕಿ, ನೀರೆಲ್ಲ ಇಳಿದ ಮೇಲೆ ಉಳಿಯುವ ಬೆಣ್ಣೆಯಂಥ ಮುದ್ದೆಗೆ ಉಪ್ಪು ಬೆರೆಸಿ, ಅದನ್ನು ಅವಳು ಚೀಸು ಎನ್ನುತ್ತಿದ್ದಳು. ದೊರೆಯ ಮನೆಗೆ ನೆಂಟರು ಬಂದರೆ ಊಟಕ್ಕೆ ಮೊದಲು ಅದನ್ನು ಹಣ್ಣಿನ ಮೇಲಿಟ್ಟು ಕೊಡುವ ಕ್ರಮವಂತೆ. ನಾನು ಮನೆಗೆ ಬಂದು ಮೊಸರು ತೂಗುಹಾಕಿದೆ. ಅತ್ತೆ ನೋಡಿ, “ಮೊಸರು ಎಂತ ಪಾಪ ಮಾಡಿದೆ ಮಾರಾಯ್ತಿ, ಗಲ್ಲಿಗೆ ಹಾಕಿದ್ದೀಯಲ್ಲ!” ಎಂದು ನಕ್ಕಳು.

ಮೊದಲ ಸಲ ಅದು ಕೆಟ್ಟುಹೋಯಿತು. ಬೇಲಿಯ ಬದಿಯ ಅನಾನಸನ್ನು ಬೇಯಿಸದೆ ಹಸಿಯಾಗಿಯೇ ಹೆಚ್ಚಿ ಚೀಸಿನ ಜತೆ ಬೆರೆಸಿಟ್ಟಿದ್ದೆ. ಎರಡು ಗಂಟೆ ಬಿಟ್ಟು ತಿಂದರೆ ವಿಷ! ಕಾಸರಕನ ಕಾಯಿ ಕಚ್ಚಿದ ಹಾಗೆ ಕಹಿ. ಬಾಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಹಸಿ ಅನಾನಸು ಹಾಲು ಮೊಸರಿಗೆ ಆಗುವುದಿಲ್ಲ ಮಗಾ. ಬೆಲ್ಲದಲ್ಲಿ ಕುದಿಸು, ಚೆನ್ನಾಗಿ ಕುದಿಯಲಿ, ಮತ್ತೆ ಮೂರು ದಿವಸ ಇಟ್ಟರೂ ಕಹಿ ಬರುವುದಿಲ್ಲ” ಎಂದಳು. ಹಾಗೇ ಮಾಡಿದೆ. ಬೆಲ್ಲದಲ್ಲಿ ಬೆಂದ ಅನಾನಸಿನ ಬಿಲ್ಲೆ, ಅದರ ಮೇಲೆ ಒಂದು ಉಂಡೆ ಚೀಸು, ಮೇಲೊಂದು ಚಿಟಿಕೆ ಕರಿಮೆಣಸಿನ ಹುಡಿ. ಮಾವ ತಿಂದು ಎಲೆಯನ್ನು ಮತ್ತೊಮ್ಮೆ ಮುಂದೆ ನೂಕಿದರು. ಅಂದಿನಿಂದ ನೆಂಟರು ಬಂದರೆ ಬೆಲ್ಲ ನೀರಿನ ಬೆನ್ನಿಗೆ ಇದು. ಗಲ್ಲಿಗೆ ಹಾಕಿದ ಮೊಸರು ತನಗೆ ಬೇಡ ಎಂದು ಅತ್ತೆ ಮಾತ್ರ ಅದನ್ನು ಬಾಯಿಗೆ ಹಾಕುತ್ತಿರಲಿಲ್ಲ, ನಾನು ಮಾಡುವಾಗ ಒಲೆಯ ಕಡೆ ತಿರುಗಿ ನೋಡುತ್ತಲೂ ಇರಲಿಲ್ಲ.

ಹತ್ತೊಂಬತ್ತಕ್ಕೆ ನನ್ನನ್ನು ನೋಡಲು ಅಳದಂಗಡಿಯಿಂದ ಒಂದು ಮನೆಯವರು ಬಂದರು. ಹುಡುಗ, ಅವನ ತಾಯಿ, ಇನ್ನಿಬ್ಬರು ಹಿರಿಯರು. ಹುಡುಗನ ಮುಖ ನಾನು ನೋಡಿಯೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಅಡುಗೆಮನೆಯಿಂದ ಹೊರಗೆ ಹೋಗುವ ದಾರಿ, ಅಷ್ಟೇ. ಬೆಳಿಗ್ಗೆ ಬೇಗ ಎದ್ದು ಅನಾನಸು ಕುದಿಸಿ, ಬಾಳೆಲೆಯ ತುಂಡುಗಳಲ್ಲಿ ಚಂದ ಮಾಡಿ ಜೋಡಿಸಿದ್ದೆ. ಹುಡುಗನ ತಾಯಿ ಒಂದು ತಿಂದು, ಇನ್ನೊಂದು ತೆಗೆದುಕೊಂಡು, “ಎಷ್ಟು ರುಚಿ ಉಂಟು! ಯಾರು ಮಾಡಿದ್ದು? ಈ ಹುಡುಗಿಯಾ?” ಎಂದು ಕೇಳಿದರು.

“ಇವಳಾ?” ಎಂದಳು ಅತ್ತೆ. “ಇವಳನ್ನು ನಂಬಿದರೆ ನಿಮಗೆ ಇವತ್ತು ಬೆಲ್ಲ ನೀರೂ ಸಿಗ್ತಿರಲಿಲ್ಲ. ನಾನೇ ಮಾಡಿದ್ದು. ಕಲಿಸಿ ಕಲಿಸಿ ನನಗೆ ಸಾಕಾಯ್ತು. ಕೈಗುಣ ಅಂತ ಒಂದು ಉಂಟಲ್ಲ, ಅದು ಇವಳಿಗೆ ಇಲ್ಲ. ಅದು ಹುಟ್ಟುವಾಗಲೇ ಬರಬೇಕು.”

ಎಲ್ಲರೂ ನಕ್ಕರು. ನೋಡಲು ಬಂದವರ ಎದುರು ಹುಡುಗಿ ಬಾಯಿ ತೆರೆಯುವ ಕ್ರಮ ಇರಲಿಲ್ಲ. ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು, ಸತ್ಯ ಗೊತ್ತಿದ್ದೂ ತಲೆ ಎತ್ತಲಿಲ್ಲ. ಬಂದವರು ಆಮೇಲೆ ಹೇಳಿಕಳಿಸುತ್ತೇವೆ ಎಂದು ಹೋದರು, ಹೇಳಿಕಳಿಸಲಿಲ್ಲ. ಒಲೆ ಹಚ್ಚಲು ಬಾರದ ಹುಡುಗಿ ಯಾರಿಗೆ ಬೇಕು? ನಾನು ಮುಖ ಊದಿಸಿಕೊಂಡಿದ್ದಕ್ಕೆ ಅತ್ತೆ ನೇರವಾಗಿಯೇ ಹೇಳಿದಳು: “ನೀನು ಹೋದ್ರೆ ಇಲ್ಲಿ ಬೇಯಿಸಿ ಹಾಕುವವರು ಯಾರು? ನಿನ್ನ ಅಪ್ಪ ಬರ್ತಾನಾ?” ಅವತ್ತು ನಾನು ಅಳಲಿಲ್ಲ. ನಿನಗೆ ಮಾಡ್ತೇನೆ, ಇರು, ಎಂದು ಮನಸ್ಸಿನಲ್ಲೇ ಹೇಳಿಕೊಂಡು ಪಾತ್ರೆ ತಿಕ್ಕಿದೆ.

ಒಂದು ವರ್ಷ ಕಾದೆ. ಅಳದಂಗಡಿಯ ಹುಡುಗನಿಗೆ ಇನ್ನೂ ಎಲ್ಲಿಯೂ ಕೂಡಿಬಂದಿರಲಿಲ್ಲ. ಅತ್ತೆ ಏನು ಮಾಡಿದಳು ಗೊತ್ತೇ? “ನನಗೂ ಒಬ್ಬಳು ಮಗಳಿದ್ದಾಳೆ” ಎಂದು ಅದೇ ಮನೆಗೆ ಹೇಳಿಕಳಿಸಿದಳು! ಅವರು ಒಪ್ಪಿದರು. ಬರುವ ದಿನವೂ ನಿಶ್ಚಯವಾಯಿತು. ಹುಡುಗನ ತಾಯಿ ಒಂದು ಮಾತು ಹೇಳಿಕಳಿಸಿದ್ದರು: ಹೋದ ಸಲದ ಅನಾನಸಿನ ತಿಂಡಿ ಇರಲಿ, ಅದರ ರುಚಿ ನಾಲಗೆಯಿಂದ ಇನ್ನೂ ಹೋಗಿಲ್ಲ.

ಮೊಸರು ತೂಗುಹಾಕುವುದು ಹಿಂದಿನ ದಿನವೇ ಆಗಿತ್ತು, ನಾನೇ ಹಾಕಿದ್ದೆ. ಮರುದಿನ ಬೆಳಿಗ್ಗೆ ಎದ್ದು ನಾನು ಅಡುಗೆಮನೆಗೆ ಹೋಗಲಿಲ್ಲ. ಚಾಪೆ ಸುತ್ತಿಕೊಂಡು ಹೋಗಿ ಬಾವಿಯ ಹತ್ತಿರ ಹುಲ್ಲು ಹೊದಿಸಿದ ಸಣ್ಣ ಮಾಡಿನ ಕೆಳಗೆ ಕೂತೆ. ಆ ಕಾಲದಲ್ಲಿ ತಿಂಗಳ ಮೂರು ದಿನ ಹೆಂಗಸರು ಹಾಗೆ ಹೊರಗೆ ಕೂರಲೇಬೇಕಿತ್ತು. ಒಳಗೆ ಕಾಲಿಡುವ ಹಾಗಿಲ್ಲ, ಪಾತ್ರೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮನೆಯ ದೈವಕ್ಕೆ ಆಗುವುದಿಲ್ಲ ಎಂದು ಅತ್ತೆಯೇ ನನಗೆ ಹೆದರಿಸಿ ಕಲಿಸಿದ್ದಳು. ನಾನು ಆ ದಿನ ಹೊರಗೆ ಆಗಿರಲಿಲ್ಲ. ಸುಳ್ಳು, ಶುದ್ಧ ಸುಳ್ಳು. ದೈವದ ಹೆದರಿಕೆ ಇತ್ತು, ಅತ್ತೆಯ ಮೇಲಿನ ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

ಅತ್ತೆ ಓಡಿಬಂದು ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಳು. “ಅಯ್ಯೋ ದರಿದ್ರದವಳೇ! ಇವತ್ತೇ ಆಗಬೇಕಿತ್ತಾ ನಿನಗೆ?”

“ನನ್ನ ಕೈಯಲ್ಲಿ ಉಂಟಾ ಅತ್ತೆ?” ಎಂದೆ.

“ಆ ಹಾಳು ತಿಂಡಿ ಹೇಗೆ ಮಾಡುವುದು? ಬೇಗ ಹೇಳು.”

ಹೇಳಿದೆ. ಬಟ್ಟೆ ಬಿಚ್ಚಿ ಎಷ್ಟು ಉಪ್ಪು ಹಾಕಬೇಕು, ಹೇಗೆ ನಾದಬೇಕು, ಉಂಡೆ ಎಷ್ಟು ದೊಡ್ಡದಿರಬೇಕು, ಮೆಣಸಿನ ಹುಡಿ ಎಷ್ಟು, ಎಲ್ಲ ಹೇಳಿದೆ. ಅನಾನಸಿನ ಸಿಪ್ಪೆ ತೆಗೆದು ಬಿಲ್ಲೆ ಮಾಡಿ, ಬೆಲ್ಲದ ಹುಡಿ ಉದುರಿಸಿ, ಚೀಸನ್ನು ಅದರ ಮೇಲೆ ಒತ್ತಿ ಮುಚ್ಚಿಡಿ ಎಂದೆ.

“ಇಷ್ಟೆಯಾ?”

“ಇಷ್ಟೇ.”

ಆ ಒಂದು ಮಾತನ್ನು ಹೇಳುವಾಗ ನನ್ನ ನಾಲಗೆ ತಡವರಿಸಲಿಲ್ಲ. ಅವಳಿಗೆ ಮಗಳನ್ನು ಸಿಂಗರಿಸುವ ಗಡಿಬಿಡಿ. ಎಂಟು ಗಂಟೆಗೇ ಎಲ್ಲ ಮಾಡಿ ಮುಚ್ಚಿಟ್ಟಳು. ನೆಂಟರ ಬಸ್ಸು ಬಂದದ್ದು ಹನ್ನೊಂದೂವರೆಗೆ. ಅಷ್ಟು ಹೊತ್ತು ಹಸಿ ಅನಾನಸು ಮುಚ್ಚಳದ ಕೆಳಗೆ ತನ್ನ ಕೆಲಸ ಮಾಡುತ್ತಾ ಇತ್ತು. ಅವಳು ನಾಲಗೆಗೆ ತಾಗಿಸಿಯೂ ನೋಡಲಾರಳೆಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ನೆಂಟರಿಗೆ ಮಾಡಿದ್ದನ್ನು ಮೊದಲು ದೈವದ ಕೋಣೆಯ ಮುಂದೆ ಒಂದು ಎಲೆಯಲ್ಲಿ ಇಟ್ಟು, ಆಮೇಲೆ ನೆಂಟರಿಗೆ ಬಡಿಸಿ, ಅವರದ್ದು ಆದ ಮೇಲೆಯೇ ಮನೆಯವರ ಬಾಯಿಗೆ. ಅದಕ್ಕಿಂತ ಮೊದಲು ಮಾಡಿದವಳು ರುಚಿ ನೋಡಿದರೆ ಎಂಜಲು. ಈ ಶಿಸ್ತಿಗಾಗಿ ಅತ್ತೆ ನನ್ನ ಕೈಗೆ ಸೌಟಿನಿಂದ ಹೊಡೆದದ್ದು ಎಷ್ಟು ಸಲವೋ.

ಮಾಡಿನ ಕೆಳಗೆ ಕೂತರೆ ಚಾವಡಿಯ ಮಾತು ಸರಿಯಾಗಿ ಕೇಳುತ್ತದೆ. ನಾನು ಮೊಣಕಾಲು ಅಪ್ಪಿಕೊಂಡು ಕೂತೆ. ಈಗ ಹೇಳುತ್ತಾಳೆ, ನಾನೇ ಮಾಡಿದ್ದು, ನನ್ನ ಕೈಗುಣ ಎಂದು ಹೇಳುತ್ತಾಳೆ. ಹೇಳು, ಹೇಳು ತಾಯಿ, ದೊಡ್ಡದಾಗಿ ಹೇಳು.

“ತಿಂದು ನೋಡಿ” ಎಂದಳು ಅತ್ತೆ. “ನನ್ನ ಮಗಳೇ ಮಾಡಿದ್ದು. ನಾನು ಒಲೆ ಹತ್ತಿರವೂ ಹೋಗ್ಲಿಲ್ಲ. ನನ್ನ ಕೈಗುಣ ಪೂರಾ ಅವಳಿಗೆ ಬಂದಿದೆ.”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ! ಮಗಳನ್ನು ನೋಡಲು ಬಂದಾಗ ಯಾವ ತಾಯಿಯಾದರೂ ಹೇಳುವುದು ಇದನ್ನೇ ಅಲ್ಲವೇ? ಅಷ್ಟೂ ಹೊಳೆಯದಷ್ಟು ಸಿಟ್ಟು ನನ್ನ ಕಣ್ಣು ಕಟ್ಟಿತ್ತು. ಎದ್ದು ಓಡಿಹೋಗಿ ತಿನ್ನಬೇಡಿ ಎಂದು ಕೂಗಬಹುದಿತ್ತು. ಕೂಗಲಿಲ್ಲ. ಒಳಗೆ ಯಾರೋ ಕೆಮ್ಮಿದರು. ಒಬ್ಬ ಹಿರಿಯರು, “ನೀರು, ನೀರು” ಎಂದರು. ಅತ್ತೆ, “ಎಂತ ಆಯ್ತು? ಎಂತ ಆಯ್ತು?” ಎನ್ನುತ್ತಿದ್ದಳು, ಆಮೇಲೆ ಅವಳೂ ಒಂದು ತುಂಡು ಬಾಯಿಗೆ ಹಾಕಿಕೊಂಡಿರಬೇಕು, ಮಾತು ನಿಂತಿತು. ಮತ್ತೆ ಕೇಳಿದ್ದು ಅವಳ ಬೈಗುಳ: “ಎಂತ ಮಾಡಿ ಹಾಕಿದ್ದೀ ಹಾಳಾದವಳೇ? ನನ್ನ ಮಾನ ತೆಗೆದೆಯಲ್ಲ!” ಬೈದದ್ದು ಮಗಳನ್ನು, ನೆಂಟರ ಎದುರೇ. ಆ ಹುಡುಗಿ ತಿಂಡಿಯನ್ನು ಮುಟ್ಟಿಯೂ ಇರಲಿಲ್ಲ.

ಬಾಯಿ ತೊಳೆಯಲು ಹುಡುಗನ ತಾಯಿ ಬಾವಿಕಟ್ಟೆಗೆ ಬಂದರು. ಮೂರು ಸಲ ಮುಕ್ಕಳಿಸಿ ಉಗುಳಿ, ನನ್ನನ್ನು ನೋಡಿದರು.

“ಹೋದ ಸಲ ನೀನು ಒಳಗೆ ಇದ್ದೆಯಲ್ಲ?”

“ಇದ್ದೆ.”

“ಇವತ್ತು ಹೊರಗೆ.”

“ಹೌದು.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಹೋದ ಸಲದ್ದು ನೀನು ಮಾಡಿದ್ದು. ಅದರಲ್ಲಿ ಹಣ್ಣು ಬೆಂದಿತ್ತು. ಇವತ್ತಿನದ್ದು ಹಸಿ. ನೀನು ಹೇಳಿಕೊಡಲಿಲ್ಲವಾ?”

“ಇಲ್ಲ.”

“ಬೇಕೂಂತಲೇ?”

“ಬೇಕೂಂತಲೇ” ಎಂದೆ. ಅವರು ಇನ್ನೊಮ್ಮೆ ಬಾಯಿ ಮುಕ್ಕಳಿಸಿ, “ಅಬ್ಬ, ನಿನ್ನ ಧೈರ್ಯವೇ!” ಎಂದು ಹೋದರು.

ಹದಿನೈದು ದಿನದಲ್ಲಿ ಅಳದಂಗಡಿಯಿಂದ ಹೇಳಿಕಳಿಸಿದರು, ನನ್ನನ್ನು ಕೇಳಿ. ಅತ್ತೆ ಸಿಟ್ಟಿನಿಂದ ಕುಣಿದಾಡಿದಳು. ಆದರೆ ಮಾವ ಜೀವನದಲ್ಲಿ ಮೊದಲ ಸಲ ಎಲೆ ಅಡಿಕೆಯ ತಟ್ಟೆ ಬದಿಗಿಟ್ಟು, “ಆಗಬಹುದು” ಎಂದುಬಿಟ್ಟರು. ನಾನು ಆ ಮನೆಯ ಸೊಸೆಯಾದೆ. ನನ್ನ ಗಂಡನ ತಾಯಿ ಒಳ್ಳೆಯವರೇ. ಆದರೆ ಅವರು ಬದುಕಿರುವ ತನಕ ನಾನು ಏನು ಬಡಿಸಿದರೂ, “ಮೊದಲು ನೀನು ಒಂದು ತುತ್ತು ತಿನ್ನು” ಎನ್ನುತ್ತಿದ್ದರು. ಎಂಜಲು ಗಿಂಜಲು ಎಲ್ಲ ಆ ಮನೆಯಲ್ಲಿ ನಡೆಯಲಿಲ್ಲ. ನಾನು ತಿನ್ನುತ್ತಿದ್ದೆ.

ಅತ್ತೆಯ ಮಗಳು ಎರಡು ವರ್ಷ ನನ್ನ ಜತೆ ಮಾತಾಡಲಿಲ್ಲ. ಅವಳನ್ನು ಮೂಡಬಿದ್ರೆಯ ಹತ್ತಿರ ಪುತ್ತಿಗೆಗೆ ಕೊಟ್ಟರು. ಅವಳ ಮದುವೆಯಾಗಿ ಒಂದು ತಿಂಗಳಿಗೆ ನಾನೇ ಬಸ್ಸು ಹತ್ತಿ ಹೋಗಿ, ಅವಳ ಅಡುಗೆಮನೆಯಲ್ಲಿ ನಿಂತು, ಎಲ್ಲ ಹೇಳಿದೆ. ಹೊರಗೆ ಕೂತ ಸುಳ್ಳನ್ನೂ ಹೇಳಿದೆ. ಅವಳ ಕೈಯಲ್ಲಿ ಸೌಟು ಇತ್ತು. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವಳು ಒಲೆಯ ಕಡೆ ತಿರುಗಿ ಅತ್ತಳು. ಅತ್ತು ಮುಗಿಸಿ, “ನಿನ್ನ ಮೇಲಿನ ಸಿಟ್ಟು ಇನ್ನೂ ಉಂಟು. ಆದ್ರೆ ಅಮ್ಮ ಅವತ್ತು ಎಲ್ಲರ ಎದುರು ನನ್ನನ್ನು ಬೈದದ್ದು ಮರೆಯುವುದಿಲ್ಲ. ನಾನು ಆ ತಿಂಡಿಯನ್ನು ಮುಟ್ಟಲಿಲ್ಲಾಂತ ಅವಳಿಗೆ ಗೊತ್ತಿತ್ತು” ಎಂದಳು. ಸೌಟನ್ನು ನನ್ನ ಕಡೆ ಚಾಚಿ, “ಅದನ್ನು ಮಾಡುವುದು ಹೇಗೆ, ತೋರಿಸು” ಎಂದಳು. ಅವತ್ತೇ ಅನಾನಸು ತರಿಸಿ ಬೆಲ್ಲದಲ್ಲಿ ಕುದಿಸಿ ತೋರಿಸಿದೆ.

ಅತ್ತೆ ಮಾತ್ರ ಆ ಕಹಿ ಯಾಕೆ ಬಂತೆಂದು ಕೊನೆಯ ತನಕ ತಲೆ ಕೆಡಿಸಿಕೊಂಡಳು. ಮೊಸರು ಹಳಸಿತ್ತಾ? ಪಾತ್ರೆಗೆ ಕಲಾಯಿ ಹೋಗಿತ್ತಾ? ಹಣ್ಣಿನಲ್ಲಿ ಹುಳ ಇತ್ತಾ? ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದಳು. ಗೊತ್ತಿಲ್ಲ ಅತ್ತೆ ಎನ್ನುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಪುತ್ತಿಗೆಯಲ್ಲಿ ಮಗುವಿಗೆ ಹೆಸರಿಡುವ ದಿನ ನಾವೆಲ್ಲ ಸೇರಿದ್ದೆವು. ಮಗಳು ಬಾಳೆಲೆಯ ತುಂಡಿನಲ್ಲಿ ಅದೇ ತಿಂಡಿಯನ್ನು ತಂದು ತಾಯಿಯ ಮುಂದಿಟ್ಟಳು. ಅತ್ತೆ ಅನುಮಾನದಿಂದ ಸಣ್ಣ ಚೂರು ಮುರಿದು ತಿಂದಳು. ಆಮೇಲೆ ಉಳಿದದ್ದನ್ನೂ ತಿಂದಳು. ನೆಂಟರೆಲ್ಲ ಕೂತಿದ್ದಾರೆ ಎಂಬುದನ್ನೂ ಮರೆತು ಮಗಳ ಕೈ ಹಿಡಿದುಕೊಂಡಳು.

“ಇದು ಸಿಹಿ ಉಂಟು! ನಾನು ಮಾಡಿದ್ದು ಯಾಕೆ ಕಹಿ ಆಯ್ತು? ಹೇಳು ಮಗಾ, ಯಾಕೆ?”

ಕಹಿಯಾದದ್ದನ್ನು ಮಾಡಿದ್ದು ಯಾರೆಂದು ಅಷ್ಟು ವರ್ಷದ ಮೇಲೆ ಅವಳ ಬಾಯಿಂದಲೇ ಬಂತು. ಮಗಳು ನನ್ನ ಕಡೆ ನೋಡಲಿಲ್ಲ. ತಾಯಿಯ ಎಲೆಗೆ ಇನ್ನೊಂದು ಬಿಲ್ಲೆ ಬಡಿಸಿ ಹೇಳಿದಳು:

“ಕೈಗುಣ ಅಮ್ಮ. ಅದು ನಿಮಗೆ ಇಲ್ಲ.”