ಎಂಟು ಕ್ಷೇಮದ ಕಾರ್ಡುಗಳು

ನಮ್ಮ ಮಾವನಿಗೆ ತಪ್ಪಾಲಿನ, ಅಂದರೆ ಅಂಚೆಯ, ಮೇಲಿದ್ದ ಸಿಟ್ಟು ಅಷ್ಟಿಷ್ಟಲ್ಲ. ಮಾವ ಅಂದರೆ ನನ್ನ ಗಂಡನ ತಂದೆ. ಅವರಿಗೆ ನಾಲ್ಕು ಎತ್ತಿನ ಬಂಡಿಗಳಿದ್ದವು. ಕಂಬಂ ಕಣಿವೆಯ ಹತ್ತಿ, ರಾಗಿ, ತುಪ್ಪವನ್ನು ದಿಂಡಿಗಲ್ಲಿಗೆ ಹೇರಿಕೊಂಡು ಹೋಗಿ, ಅಲ್ಲಿಂದ ಉಪ್ಪು, ಬಟ್ಟೆ, ಕಬ್ಬಿಣ ತುಂಬಿಕೊಂಡು ಬರುವುದು ಅವರ ಮನೆತನದ ಕಸುಬು. ಸರಕಿನ ಜೊತೆಗೆ ಜನರ ಮಾತೂ ಹೋಗಿ ಬರುತ್ತಿತ್ತು. ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಎಂದು ಹೇಳಿ ಕಳಿಸಿದರೆ ಬಂಡಿಯವನು ಆ ಮಾತನ್ನು ತಲೆಯಲ್ಲಿಟ್ಟುಕೊಂಡು ಐದಾರು ದಿನ ದಾರಿ ಸವೆಸಿ, ಬಾಗಿಲಲ್ಲಿ ನಿಂತು, ಹೇಳಿದವರ ಧಾಟಿಯಲ್ಲೇ ಒಪ್ಪಿಸುತ್ತಿದ್ದ. ಅದಕ್ಕೆ ಕೂಲಿ ಇಲ್ಲ, ಒಂದು ಹೊತ್ತಿನ ಊಟ ಅಷ್ಟೇ. ನಾವು ಆ ತಮಿಳು ಸೀಮೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡಿಕೊಂಡು ಬಂದವರು. ಬಂಡಿಯವರೂ ನಮ್ಮವರೇ ಆದ್ದರಿಂದ ಸುದ್ದಿ ನಮ್ಮ ಮಾತಿನಲ್ಲೇ ಬರುತ್ತಿತ್ತು.

ಬೆಟ್ಟದ ಮೇಲೆ ಕಟ್ಟಿದ ಅಣೆಯ ನೀರು ನಮ್ಮ ಕಣಿವೆಗೆ ಇಳಿದು ಒಂದೆರಡು ವರ್ಷವಾಗಿದ್ದಾಗ ನಮ್ಮೂರಿಗೆ ತಪ್ಪಾಲು ಆಫೀಸು ಬಂತು. ಆಫೀಸೆಂದರೆ ಶಾಲೆಯ ಜಗಲಿಯ ಮೇಲೊಂದು ಪೆಟ್ಟಿಗೆ, ಒಂದು ಸೀಲು, ಒಂದು ಮಸಿಯ ಬಟ್ಟಲು. ಶಾಲೆಯ ವಾದ್ಯಾರೇ ತಪ್ಪಾಲು ಮಾಸ್ತರು. ಆಫೀಸು ಇನ್ನೂ ಪರೀಕ್ಷೆಯಲ್ಲಿತ್ತು. ಖರ್ಚಿನಷ್ಟು ಹುಟ್ಟುವಳಿ ಬಾರದಿದ್ದರೆ ಮುಚ್ಚಿಬಿಡುತ್ತಾರಂತೆ. ಪಾಪ, ವಾದ್ಯಾರು ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ ಯಾರಿಗಾದರೂ ಒಂದು ಕಾರ್ಡು ಹಾಕಿ ಎಂದು ಗೋಗರೆಯುತ್ತಿದ್ದರು. ಮಾವನೂ ದಿನಾ ಅಲ್ಲಿಗೆ ಹೋಗುತ್ತಿದ್ದರು, ಕಾರ್ಡು ಹಾಕಲಿಕ್ಕಲ್ಲ, ಜಗಳಕ್ಕೆ. ಅವರಿಬ್ಬರ ಜಗಳ ತಮಿಳಿನಲ್ಲಿ ನಡೆಯುತ್ತಿತ್ತು. ನಾನು ನಮ್ಮ ಮನೆ ಮಾತಿನಲ್ಲಿ ಬರೆಯುತ್ತೇನೆ.

“ಅಲ್ಲ ವಾದ್ಯಾರೇ, ಕಾಲಾಣೆ ಕಾರ್ಡು ದಿಂಡಿಗಲ್ಲಿಗೂ ಓಗ್ತದೆ, ಕಾಸಿಗೂ ಓಗ್ತದೆ ಅಂತೀರ. ದೂರಕ್ಕೆ ತಕ್ಕ ವಾಡಗೆ ಬೇಡ್ವಾ?”

“ಬೇಡ ಗೌಡ್ರೇ. ಎಲ್ಲಿಗೋದ್ರೂ ಕಾಲಾಣೆ.”

“ತಪ್ಪಾಲು ಒತ್ಕಂಡು ಓಡೋನ ಸಂಬ್ಳ ಯಾರು ಕೊಡ್ತಾರೆ? ರೈಲಿನ ಕೂಲಿ? ನಿಮ್ಮ ಸಂಬ್ಳ?”

“ಸರ್ಕಾರ.”

“ಸರ್ಕಾರಕ್ಕೆ ಯಾರು ಕೊಡ್ತಾರೆ?”

“ಈ ಕಾಲಾಣೆನೇ.”

“ಒಂದು ಕಾಲಾಣೆ ಒಳಗೆ ಅಷ್ಟೆಲ್ಲ ಎಂಗೆ ಇಡೀತದೆ?”

ವಾದ್ಯಾರು ತಲೆ ಕೆರೆದುಕೊಂಡು ಅದು ತಮಗೂ ತಿಳಿಯದು ಎಂದು ಒಪ್ಪಿಕೊಂಡರು. ಮಾವ ಮನೆಗೆ ಬಂದು, ಊಟ ಬಿಟ್ಟು, ಜಗಲಿಯ ಮೇಲೆ ಹುಣಸೆಬೀಜ ಹರಡಿಕೊಂಡು ಲೆಕ್ಕ ಹಾಕಿದರು. ಎತ್ತಿಗೆ ಹುಲ್ಲಿಲ್ಲದೆ ಬಂಡಿ ಓಡುತ್ತದೆ ಎಂದ ಹಾಗಾಯಿತು ಅವರಿಗೆ. ಕೊನೆಗೆ ಬೀಜವನ್ನೆಲ್ಲ ಬಾಚಿ ಮೊರಕ್ಕೆ ಹಾಕಿ ನನ್ನತ್ತ ತಿರುಗಿ, “ನಷ್ಟಕ್ಕೆ ಕೆಲ್ಸ ಮಾಡೋನ ನಂಬ್ಬಾರ್ದು ಕೂಸೆ. ಅವನ್ಗೆ ಬೇರೆ ಏನೋ ಉದ್ದೇಸ ಇರ್ತದೆ,” ಅಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಆ ವರ್ಷ ನಮ್ಮ ಮನೆಯವರು ದಿಂಡಿಗಲ್ಲಿನ ಹೊಗೆಸೊಪ್ಪಿನ ಮಂಡಿಗೆ ಕೆಲಸಕ್ಕೆ ಹೋದರು. ಸೊಪ್ಪಿನ ಕಾಲ ಮುಗಿಯುವ ತನಕ ಅಲ್ಲೇ ವಾಸ. ಅದು ಎರಡು ತಿಂಗಳೋ ನಾಲ್ಕು ತಿಂಗಳೋ ಯಾರಿಗೂ ಗೊತ್ತಿರಲಿಲ್ಲ. ಹೊರಡುವಾಗ ನಾನು ಹಟ ಹಿಡಿದೆ, ಬಂಡಿಯವನ ಬಾಯಲ್ಲಿ ಏನೂ ಹೇಳಿ ಕಳಿಸಬೇಡಿ, ವಾರಕ್ಕೊಂದು ಕಾರ್ಡು ಹಾಕಿ ಎಂದು. ನನ್ನ ಕಷ್ಟ ನನಗೆ. ಹಿಂದೊಮ್ಮೆ ಹೀಗೇ ಹೋಗಿದ್ದಾಗ ನನಗೆಂದು ಅವರು ಹೇಳಿ ಕಳಿಸಿದ್ದ ಎರಡು ಮಾತನ್ನು ಬಂಡಿಯವನು ಬೀದಿಯವರೆಲ್ಲರ ಮುಂದೆ, ಅವರದೇ ದನಿಯಲ್ಲಿ ಒಪ್ಪಿಸಿದ್ದ. ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು. ಕಾರ್ಡು ಬಂದರೂ ವಾದ್ಯಾರೇ ಓದಬೇಕಲ್ಲ ಎಂಬುದು ನನ್ನ ಮಂಕು ತಲೆಗೆ ಹೊಳೆಯಲಿಲ್ಲ.

ಮೊದಲ ಗುರುವಾರ ಕಾರ್ಡು ಬಂತು. ನಮ್ಮ ಮಾತಿಗೆ ಅಲ್ಲಿ ಅಕ್ಷರವಿರಲಿಲ್ಲ. ನಾನು ಕನ್ನಡ ಅಕ್ಷರ ಕಲಿತದ್ದೇ ನಲವತ್ತು ದಾಟಿದ ಮೇಲೆ, ಮೈಸೂರು ಕಡೆಯ ನೆಂಟರ ಮನೆಯಲ್ಲಿ. ನಮ್ಮ ಮನೆಯವರಿಗಂತೂ ಯಾವ ಅಕ್ಷರವೂ ಬಾರದು. ಯಾರೋ ಬರೆದುಕೊಟ್ಟ ತಮಿಳು ಕಾರ್ಡನ್ನು ವಾದ್ಯಾರು ಓದಿದರು: “ಇವ್ವಿಡಂ ನಲಂ, ಅವ್ವಿಡಂ ನಲಂ ಅರಿಯ ಆವಲ್.” ಇಲ್ಲಿ ಕ್ಷೇಮ, ಅಲ್ಲಿಯ ಕ್ಷೇಮ ತಿಳಿಯಲು ಆಸೆ. ಕೆಳಗೆ ಅವರ ಹೆಸರು. ಇನ್ನೇನೂ ಇಲ್ಲ. ಅಯ್ಯೋ ನನ್ನ ಕರ್ಮವೇ, ಇಷ್ಟಕ್ಕೆ ನಾನು ಹಟ ಹಿಡಿದೆನಾ ಅನ್ನಿಸಿತು. ಆದರೆ ಮುಂದಿನ ಗುರುವಾರವೂ ಬಂತು, ಅದರ ಮುಂದಿನದೂ ಬಂತು. ಒಂದು ವಾರ ತಪ್ಪಲಿಲ್ಲ. ಮಾವನ ಬಂಡಿಗಳು ಇಂಥ ದಿನವೇ ಬಂದದ್ದನ್ನು ನಾನು ಕಂಡವಳಲ್ಲ. ಕಾರ್ಡುಗಳನ್ನು ಒಂದು ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕಿದೆ.

ಐದನೆಯ ವಾರ, ಬುಧವಾರ, ಮಾವನ ಹಳೆಯ ಬಂಡಿಯವನು ಅರ್ಧ ದಾರಿಯಿಂದಲೇ ತಿರುಗಿ ಬಂದ. ದಿಂಡಿಗಲ್ಲಿನಲ್ಲಿ ವಾಂತಿಭೇದಿಯಂತೆ. ನಡುದಾರಿಯ ವತ್ತಲಗುಂಡಿನಿಂದ ಆಚೆಗೆ ಬಂಡಿ ಕಟ್ಟಲು ಯಾರೂ ಒಪ್ಪುತ್ತಿರಲಿಲ್ಲ. ಅವನು ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಸೇದಿ, ಅಂದರೆ ಸುದ್ದಿ, ಹೇಳಿದ.

“ಸೇದಿ ನೆಟ್ಟಗಿಲ್ಲ ಸಾಮಿ. ವತ್ತಲಗುಂಡಿನಾಗೆ ಒಬ್ಬ ಬಂಡಿಕಾರ ಯೋಳ್ದ. ಸೊಪ್ಪಿನ ಮಂಡಿನಾಗಿದ್ದ ಕನ್ನಡದೋನು ಓದ ವಾರ ಓಗ್ಬುಟ್ನಂತೆ. ಅವತ್ತೇ ಸುಟ್ರಂತೆ.”

“ನೀನು ಕಂಡ್ಯಾ?” ಮಾವ ಕೇಳಿದರು.

“ಇಲ್ಲ ಸಾಮಿ. ಅವನೂ ಕಾಣಲಿಲ್ಲ. ಅವನ್ಗೆ ಇನ್ನೊಬ್ಬ ಯೋಳಿದ್ದಂತೆ.”

ಆ ಊರಿನಲ್ಲಿ, ಆ ಮಂಡಿಯಲ್ಲಿ, ಕನ್ನಡದವನೆಂದರೆ ಇನ್ಯಾರು? ಊಟ ಮಾಡು ಎಂದರೆ ಬಂಡಿಯವನು ಬೇಡವೆಂದು ತಲೆಯಾಡಿಸಿ ಹೋದ. ನಾನು ಒಲೆಯ ಮುಂದೆ ಕೂತವಳು ಏಳಲಿಲ್ಲ. 

ಮಾರನೆಯ ದಿನ ಗುರುವಾರ. ಕಾರ್ಡು ಬಂತು! ಇವ್ವಿಡಂ ನಲಂ. ಮಾವ ಅದನ್ನು ಹಿಡಿದುಕೊಂಡು ಶಾಲೆಯಿಂದ ಓಡಿ ಬಂದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಊರೇ ನಿಂತು ನೋಡಿತು.

“ಸೀಲು ನೋಡು ಕೂಸೆ! ದಿಂಡಿಗಲ್ಲು, ಸೋಮವಾರ! ಸತ್ತೋನು ಸೋಮವಾರ ಕಾರ್ಡ್ ಆಕ್ತಾನಾ? ಆ ಬಂಡಿಕಾರ ಕಳ್ಳ್ ಕುಡ್ದು ಏನೇನೋ ಬೊಗುಳ್ದ.”

ಇಪ್ಪತ್ತು ವರ್ಷ ತಮ್ಮ ಬಂಡಿ ಹೊಡೆದವನನ್ನು ಮಾವ ಒಂದೇ ದಿನದಲ್ಲಿ ಸುಳ್ಳುಗಾರನನ್ನಾಗಿ ಮಾಡಿದರು. ಕಾಗದಕ್ಕೆ ಏನು ಗೊತ್ತು, ಬಾಯಿ ಮಾತೇ ಮಾತು ಎಂದು ಅಷ್ಟು ದಿನ ಕೂಗಾಡಿದ ಮನುಷ್ಯ! ನನಗೋ ತಲೆಕೆಳಗು. ಕಾರ್ಡಿಗಾಗಿ ಜಗಳವಾಡಿದವಳು ನಾನು, ಈಗ ಕಾರ್ಡು ಕಣ್ಣೆದುರಿದ್ದರೂ ಊಟ ಬೇಡವೆಂದ ಆ ಬಂಡಿಯವನ ಮುಖವೇ ನೆನಪಾಗುತ್ತಿತ್ತು. ಅವನು ಕುಡಿಯುವವನಲ್ಲ.

ನಿಜ ಏನೆಂದು ಕೇಳಿ ವಾದ್ಯಾರ ಕೈಲಿ ಒಂದು ಕಾರ್ಡು ಬರೆಸಿದೆವು. ಮಾವ ತಮ್ಮ ಜೀವಮಾನದಲ್ಲಿ ತಪ್ಪಾಲಿಗೆ ಕೊಟ್ಟ ಮೊದಲ ಕಾಲಾಣೆ ಅದು. ಮುಂದಿನ ಗುರುವಾರ ಉತ್ತರ ಬಂತು: ಇವ್ವಿಡಂ ನಲಂ, ಅವ್ವಿಡಂ ನಲಂ ಅರಿಯ ಆವಲ್. ಮಗ ಬದುಕಿದ್ದಾನೆಂದು ಮಾವ ಬೀದಿಯಲ್ಲಿ ನಿಂತು ಎಲ್ಲರಿಗೂ ಹೇಳಿದರು. ನೀನು ಸತ್ತೆಯಂತೆ, ಹೌದಾ ಎಂದು ಕೇಳಿದರೆ ಯಾವ ಮನುಷ್ಯನಾದರೂ ಒಂದು ಮಾತು ಹೆಚ್ಚು ಬರೆಸುವುದಿಲ್ಲವೇ ಎಂದು ನಾನು ಕೇಳಿದೆ. ಮಾವ ಸಿಡುಕಿದರು. ದಿಂಡಿಗಲ್ಲಿಗೆ ಹೋಗಿ ನೋಡಿಕೊಂಡು ಬನ್ನಿ ಎಂದೆ. ಬಂಡಿ ಯಾರು ಕಟ್ಟುತ್ತಾರೆ ಎಂದರು. ನಡೆದಾದರೂ ಹೋಗುವ ಮನುಷ್ಯ ಅವರು. ಹೋಗಲು ಹೆದರಿಕೆ ಎಂದು ನನಗೆ ಗೊತ್ತಿತ್ತು. ನನಗೂ ಅದೇ ಹೆದರಿಕೆ.

ಆ ದಿನಗಳಲ್ಲಿ ನಾನು ಏನೆಂದು ನನಗೇ ತಿಳಿಯದೆ ಹೋಯಿತು. ಗುರುವಾರ ಕಾರ್ಡು ಬಂದರೆ ಹೂ ಮುಡಿಯುತ್ತಿದ್ದೆ. ಭಾನುವಾರದ ಹೊತ್ತಿಗೆ ಬಂಡಿಯವನ ಮಾತು ನೆನಪಾಗಿ ಕಿತ್ತು ಹಾಕುತ್ತಿದ್ದೆ. ನೆರೆಮನೆಯ ಸೀಮಂತದಲ್ಲಿ ಕುಂಕುಮದ ಬಟ್ಟಲು ನನ್ನ ಮುಂದೆ ಬಂದು ನಿಂತಿತು. ಹಿಡಿದವಳು ಕೊಡಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದಳು. ಕೊಟ್ಟರೆ ಕೊಡು, ಇಲ್ಲದಿದ್ದರೆ ಅತ್ತ ಹೋಗು ಎಂದು ರೇಗಿದೆ. ಅವಳದೇನು ತಪ್ಪು?

ಏಳನೆಯ ಕಾರ್ಡು ಬಂದ ದಿನ ವಾದ್ಯಾರು ತಂತಿಯಿಂದ ಎಲ್ಲವನ್ನೂ ಬಿಡಿಸಿ ತರಲು ಹೇಳಿದರು. ಜಗಲಿಯ ಮೇಲೆ ಸಾಲಾಗಿ ಇಟ್ಟರು. ಅದೇ ಕೈ, ಅದೇ ಮಸಿ, ‘ಆವಲ್’ ಎಂಬಲ್ಲಿ ಕವಲೊಡೆದ ಅದೇ ಲೇಖನಿಯ ಗೀರು, ಏಳರಲ್ಲೂ.

“ಇದು ಒಂದೇ ದಿನ, ಒಂದೇ ಸಲ ಕೂತು ಬರೆದದ್ದು ಗೌಡ್ರೇ.”

“ಸೀಲು ಬೇರೆ ಬೇರೆ ಅದೆಯಲ್ಲ?”

“ಸೀಲು ಊರು ಯೋಳ್ತದೆ, ದಿನ ಯೋಳ್ತದೆ. ಪೆಟ್ಟಿಗೆಗೆ ಆಕಿದ ಕೈ ಯಾರ್ದು ಅಂತ ಯೋಳಲ್ಲ.”

ಮಾವ ಕಾರ್ಡುಗಳನ್ನು ಮತ್ತೆ ತಂತಿಗೆ ಚುಚ್ಚಿದರು. ಬದುಕಿರುವ ಮನುಷ್ಯ ಏಳು ವಾರದ ಕ್ಷೇಮವನ್ನು ಒಂದೇ ದಿನ ಯಾಕೆ ಬರೆಸುತ್ತಾನೆ? ಬೇರೆ ಯಾರೋ ಹಾಕುತ್ತಿದ್ದರೆ, ಅವರಿಗೆ ಅದರಿಂದ ಏನು ಲಾಭ? ಎಷ್ಟು ಯೋಚಿಸಿದರೂ ತಳ ಸಿಗಲಿಲ್ಲ. ಎಂಟನೆಯ ಗುರುವಾರ ಮತ್ತೊಂದು ಬಂತು. ಒಂಬತ್ತನೆಯ ಗುರುವಾರ ಬರಲಿಲ್ಲ.

ಮಾವ ಸಂಜೆಯ ತನಕ ಶಾಲೆಯ ಜಗಲಿಯಲ್ಲಿ ಕಾದರು. ಮನೆಗೆ ಬಂದವರೇ ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಅದು ಸಾವಿನ ಸ್ನಾನ. ಮಾರನೆಯ ದಿನ ಶುಕ್ರವಾರ, ಆ ದಿನ ಇಂಥದ್ದನ್ನು ಮಾಡಬಾರದು ಎಂದು ಬೀದಿಯ ಹೆಂಗಸರು ಆಗಲೇ ಬಂದು ನನ್ನ ಬಳೆ ಒಡೆದರು, ತಾಳಿ ಬಿಚ್ಚಿದರು. ಒಂದು ಕಾರ್ಡು ಬರಲಿಲ್ಲವೆಂದು ನನ್ನನ್ನು ಮುಂಡೆ ಮಾಡುತ್ತೀರಾ ಎಂದು ಕಿರುಚಿದೆ. ಯಾರೂ ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ನಮ್ಮ ಮನೆಯವರು ನಡೆದುಕೊಂಡು ಬಂದರು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಅಂಗಳದಲ್ಲಿ ನಿಂತು ನನ್ನನ್ನು ನೋಡಿ ಬೆಪ್ಪಾದರು.

“ಏನಾಯ್ತು? ಕಾರ್ಡು ಸರಿಯಾಗಿ ಬರ್ಲಿಲ್ವಾ?”

ಮೊದಲು ನಾನು ಮಾಡಿದ್ದು ಬೈದದ್ದು. ಬಾಯಿಗೆ ಬಂದದ್ದೆಲ್ಲ ಬೈದೆ. ಆಮೇಲೆ ಕಾಲು ಹಿಡಿದುಕೊಂಡು ಅತ್ತೆ. ಅವರು ಹೇಳಿದ್ದು ಇಷ್ಟು: ಕಾರ್ಡು ಬರೆಯುವವನು ಒಂದೊಂದಕ್ಕೂ ಬೇರೆ ಕೂಲಿ ಕೇಳಿದ, ಎಂಟನ್ನೂ ಒಟ್ಟಿಗೆ ಬರೆಸಿದರೆ ಅರ್ಧಕ್ಕೆ ಒಪ್ಪಿದ. “ಎಂಗೂ ಬರ್ಯೋದು ಅದೇ ತಾನೆ? ವಾರವಾರ ನಾನೇ ಪೆಟ್ಟಿಗೆಗೆ ಆಕ್ದೆ. ಕೆಲ್ಸ ಮುಗೀತು, ಕಾರ್ಡೂ ಮುಗೀತು, ಬಂದೆ.” ನಾವು ಬರೆಸಿದ ಕಾರ್ಡು ಕೈಸೇರಿತ್ತಂತೆ. ಭೇದಿಗೆ ಹೆದರಿ ಓದುಬರಹ ಬಲ್ಲವರೆಲ್ಲ ಮಂಡಿ ಬಿಟ್ಟು ಓಡಿದ್ದರಿಂದ ಓದುವವರು ಸಿಗಲಿಲ್ಲ. “ಕಾರ್ಡು ಬಂತಲ್ಲ, ಕ್ಷೇಮ ಅಂತ ಅನ್ಕಂಡೆ,” ಅಂದರು.

ಹಾಗಾದರೆ ಸತ್ತವನು ಯಾರು ಎಂದು ಮಾವ ಕೇಳಿದರು.

ಮಂಡಿಯಲ್ಲಿ ಇನ್ನೊಬ್ಬ ಕನ್ನಡದವನಿದ್ದ. ಕೆಲಸದ ನಡುವೆ ಬಂದು ಸೇರಿದವನು, ನಮ್ಮಿಂದ ಒಂದು ಹರದಾರಿ ಆಚೆಯ ಊರಿನವನು. ಅವನನ್ನು ಸುಟ್ಟದ್ದು ನಮ್ಮ ಮನೆಯವರೇ. ಅವನು ಕಾರ್ಡು ಬರೆಸಿದವನಲ್ಲ. ಅಲ್ಲಿಂದ ಬಂಡಿಯೂ ಬರುತ್ತಿರಲಿಲ್ಲ. “ಇಂಥ ಸೇದಿನ ಕಾರ್ಡ್ನಾಗೆ ಬರಿಸ್ತಾರಾ? ನಾನೇ ಬಂದು ಯೋಳನ ಅಂತಿದ್ದೆ,” ಅಂದರು. ಆದರೆ ತನ್ನ ಹೆಸರಿನಲ್ಲಿ ಸಾವಿನ ಸ್ನಾನವಾದ ಮನುಷ್ಯ ಶಾಸ್ತ್ರ ಮುಗಿಯುವ ತನಕ ಯಾರ ಮನೆಗೂ ಕಾಲಿಡಬಾರದೆಂದು ಹಿರಿಯರು ಅವರನ್ನು ಕೊಟ್ಟಿಗೆಯಲ್ಲಿ ಕೂರಿಸಿದ್ದರು. ಒಳ್ಳೆಯ ದಿನ ನೋಡಿ ಮತ್ತೆ ತಾಳಿ ಕಟ್ಟುವ ತನಕ ನನಗೂ ಬಳೆ ಇಲ್ಲ.

ಭಾನುವಾರ ಬೆಳಿಗ್ಗೆ ಸತ್ತವನ ಊರಿಗೆ ಮಾವ ತಾವೇ ಬಂಡಿ ಕಟ್ಟಿದರು. ಈ ಮಾತನ್ನು ಹೆಂಗಸೊಬ್ಬಳು ಜೊತೆಗಿದ್ದು ಹೇಳಬೇಕೆಂದು ನಾನೂ ಹತ್ತಿದೆ. ದಾರಿಯುದ್ದಕ್ಕೂ ಮಾವ ಹೇಳಬೇಕಾದ ಮಾತನ್ನು ತುಟಿಯಲ್ಲೇ ಹೇಳಿ ನೋಡುತ್ತಿದ್ದರು, ನಡುವೆ ನಿಲ್ಲಿಸುತ್ತಿದ್ದರು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ನಲವತ್ತು ವರ್ಷ ಊರವರ ಮಾತು ಹೊತ್ತ ಮನೆಯ ಯಜಮಾನರಿಗೆ ಆ ನಾಲ್ಕು ಮಾತು ಕೂಡಿ ಬರಲಿಲ್ಲ.

ಸತ್ತವನ ಹೆಂಡತಿಯನ್ನು ನಾನು ಒಂದೆರಡು ಮದುವೆಗಳಲ್ಲಿ ಕಂಡಿದ್ದೆ. ಅಂಗಳ ಸಾರಿಸುತ್ತಿದ್ದವಳು ಬಂಡಿ ಕಂಡು ಎದ್ದಳು. ತಲೆಯ ತುಂಬ ಕನಕಾಂಬರ. ನಮ್ಮ ಮನೆಯ ಸಾವಿನ ಸುದ್ದಿ ಅವಳಿಗೆ ಮುಟ್ಟಿತ್ತು, ಬದುಕಿ ಬಂದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನಾನು ಇಳಿಯುವುದೇ ತಡ, ಓಡಿ ಬಂದು ಸಗಣಿಯ ಕೈಯಲ್ಲೇ ನನ್ನ ಬೋಳು ಕೈಗಳನ್ನು ಹಿಡಿದುಕೊಂಡಳು.

“ಅಯ್ಯೋ ತಂಗೀ, ಈ ವಯಸ್ಸಿಗೆ ನಿನ್ಗೆ ಇಂಥಾ ಗತಿ ಬಂತಾ! ನಾನೇ ಬರ್ಬೇಕಿತ್ತು, ನೀನೇ ಬಂದ್ಬುಟ್ಟೆ. ನಮ್ಮೋರೂ ಅಲ್ಲೇ ಅವ್ರೆ, ಅದೇ ಮಂಡಿನಾಗೆ. ಅವ್ರು ಬಂದ್ಮೇಲೆ ನಿಮ್ಮೆಜಮಾನ್ರು ಕಡೇಲಿ ಏನಂದ್ರು, ನೀರ್ಗೀರು ಕುಡುದ್ರಾ, ಎಲ್ಲಾ ಕೇಳಿ ನಿನ್ಗೆ ಯೋಳಿ ಕಳುಸ್ತೀನಿ. ಅಳ್ಬೇಡ, ಅಳ್ಬೇಡ.”

ಮಾವ ಬಂಡಿಯಿಂದ ಇಳಿಯಲೇ ಇಲ್ಲ. ನಾನು ಆಕೆಯ ಕೈ ಬಿಡದೆ ಅಲ್ಲೇ ಜಗಲಿಯ ಮೇಲೆ ಕೂರಿಸಿದೆ.