ಪೋಣಿಸಿಟ್ಟ ಸೂಜಿಗಳು

ಕುಮಟೆಯಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದ ಅಕ್ಕ ಕೊಡುವಾಗೆಲ್ಲ ಅದರ ಒಳಮೈ ತಿರುವಿ ತೋರಿಸುತ್ತಿದ್ದರು. ಮುಂದೆ ಬಿಗಿಯಾದರೆ ಬಿಚ್ಚಿ ಸಡಿಲಿಸಲೆಂದು ಹೊಲಿಗೆಯಾಚೆ ಒಂದು ಬೆರಳಗಲ ಬಟ್ಟೆ ಮಡಿಚಿಟ್ಟಿರುತ್ತಿದ್ದರು. “ಒಳಗೆ ಬಿಟ್ಟಿದ್ದೆ ತಂಗಿ. ಬೇಕಾಗ್ಲಿಕ್ಕಿಲ್ಲ. ಬೇಕಾದ್ರೆ ಇರ್ಲಿ.”

ಒಂದು ವರ್ಷ ಅವರ ಎದೆಯಲ್ಲಿ ಸಣ್ಣ ಗಡ್ಡೆ ಕಂಡು, ಮಂಗಳೂರಿನಲ್ಲಿ ತೆಗೆಸಿಕೊಂಡು ಬಂದಿದ್ದರು. ಗಾಯ ಮಾಯ್ದ ಮೇಲೆ ನಾನು ಬಟ್ಟೆ ಒಯ್ದುಕೊಟ್ಟಾಗ, ಅದರ ಮೇಲೆ ಕತ್ತರಿ ಇಟ್ಟವರು ಕತ್ತರಿಸದೆ ಕೂತರು.

“ಕ್ಯಾನ್ಸರ್ ಪೂರ್ತಿ ತೆಗೆದಾತು ಅಂದ್ರು ಡಾಕ್ಟ್ರು. ಆದ್ರೂ ಕಣ್ಣಿಗೆ ಕಾಣದ್ದು ಎಲ್ಲಾದ್ರೂ ಉಳಿದಿದ್ರೆ ಅಂತ ಕೀಮೊ ಕೊಡ್ಬಹುದಂತೆ. ಬೇಕಾ ಬೇಡ್ವಾ ನಾನೇ ಹೇಳ್ಬೇಕಂತೆ.”

“ನೀವೆಂತ ಹೇಳಿದ್ರಿ?”

“ಎಂತ ಹೇಳೂದು? ಕೂದಲು ಹೋದ್ರೆ ಸೆರಗು ಅದೆ. ಬೆರಳೂ ಜೋಮು ಹಿಡೀಬಹುದಂತೆ, ಹಿಡಿದ್ರೆ ಹೊಲಿಯೂದು ಹೇಗೆ?” ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸಿ ನೋಡಿಕೊಂಡರು. “ಬೇಡ ಅಂದು, ಅದು ತಿರುಗಿ ಬಂದ್ರೆ?”

ಅವರ ಮುಖ ನೋಡಲಾಗದೆ ಕತ್ತರಿಯನ್ನೇ ನೋಡಿದೆ.

ಮುಂದಿನ ವಾರ ಹೋದಾಗ ಮಶೀನಿಗೆ ಬಟ್ಟೆ ಮುಚ್ಚಿ, ಬಾಗಿಲ ಬೆಳಕಿಗೆ ಕೂತಿದ್ದರು. ಮಡಿಲ ತುಂಬ ಬಣ್ಣಬಣ್ಣದ ದಾರದ ರೀಲುಗಳು. ಒಂದೊಂದೇ ಸೂಜಿಗೆ ದಾರ ಪೋಣಿಸಿ ಹಳೆ ದಿಂಬಿಗೆ ಚುಚ್ಚಿಡುತ್ತಿದ್ದರು. ದಿಂಬಿನಲ್ಲಿ ಆಗಲೇ ಜಾಗವಿರಲಿಲ್ಲ.

“ಇಷ್ಟೊಂದು ಸೂಜಿ ಎಂತಕ್ಕೆ?”

“ಸೋಮವಾರ ಮೊದಲ ಕೀಮೊ,” ಅಂದರು. ದಾರ ಸೂಜಿಯ ಕಣ್ಣು ತಪ್ಪಿತು. ತುದಿಯನ್ನು ನಾಲಿಗೆಗೆ ತಾಗಿಸಿ ಮತ್ತೆ ಹಿಡಿದರು.

“ಬೇಕಾಗ್ಲಿಕ್ಕಿಲ್ಲ ತಂಗಿ. ಬೇಕಾದ್ರೆ ಇರ್ಲಿ.”